ನಾಲ್ಕನೇ ನಂಬರಿನ ಟೀ, ಕಿಸೆಯ ಬೆಲ್ಲ

೧೯೬೨ರಲ್ಲಿ ನಾನು ಉಡುಪಿಯಲ್ಲಿ ಅಸಿಸ್ಟೆಂಟ್ ಟೀ ಟೇಸ್ಟರ್ ಆಗಿದ್ದೆ. ಹುದ್ದೆಯ ಹೆಸರು ಹೇಳಿದರೆ ಜನ ಎರಡನೇ ಸಲ ಕೇಳುತ್ತಿದ್ದರು. ಟೀ ಕುಡಿದದ್ದಕ್ಕೆ ತಿಂಗಳ ಸಂಬಳ ಕೊಡುವ ಕಂಪನಿ ಇದೆ ಎಂದರೆ ನಂಬುವವರು ಕಡಿಮೆ. ‘ಕುಡಿಯುವುದಲ್ಲ, ರುಚಿ ನೋಡಿ ಉಗುಳುವುದು’ ಎಂದು ತಿದ್ದಿದರಂತೂ ನನ್ನ ತಲೆಯ ಬಗ್ಗೆಯೇ ಅವರಿಗೆ ಅನುಮಾನ ಬರುತ್ತಿತ್ತು.

ಕೊಚ್ಚಿಯಲ್ಲಿ ಐದು ವರ್ಷ ಇದ್ದು ಈ ವಿದ್ಯೆ ಕಲಿತಿದ್ದೆ. ವಿಧಾನ ಸರಳ, ಶಿಸ್ತು ಕಠಿಣ. ಎರಡೂವರೆ ಗ್ರಾಂ ಟೀ ಪುಡಿಯನ್ನು ಮುಚ್ಚಳವಿರುವ ಪಿಂಗಾಣಿ ಕಪ್ಪಿಗೆ ಹಾಕಿ ಕುದಿನೀರು ಹೊಯ್ಯಬೇಕು. ಸರಿಯಾಗಿ ಐದು ನಿಮಿಷದ ಬಳಿಕ ಬಸಿಯಬೇಕು. ಬಸಿದ ನೀರನ್ನು ನಾವು ‘ಲಿಕರ್’ ಎನ್ನುತ್ತೇವೆ. ಹಾಲಿಲ್ಲ, ಸಕ್ಕರೆಯಿಲ್ಲ. ಅದನ್ನು ಚಮಚದಲ್ಲಿ ತೆಗೆದು, ನಾಲ್ಕು ಮನೆಗೆ ಕೇಳುವಂತೆ ಸುರ್ರೆಂದು ಹೀರಬೇಕು. ಗಾಳಿ ಸೇರಿದರೆ ಮಾತ್ರ ಪರಿಮಳ ಮೂಗಿಗೆ ಏರುತ್ತದೆ. ನಾಲಿಗೆಯ ಮೇಲೆ ಎರಡು ಸುತ್ತು ಆಡಿಸಿ ಪೀಕದಾನಿಗೆ ಉಗುಳಿದರೆ ಒಂದು ಸ್ಯಾಂಪಲ್ ಮುಗಿಯಿತು. ಕೆಲಸದ ಹೊತ್ತಿನಲ್ಲಿ ಟೇಸ್ಟರನ ಬಾಯಿಗೆ ಎಲೆ ಅಡಿಕೆ, ಈರುಳ್ಳಿ, ಸಿಹಿ ಯಾವುದೂ ಸೋಕಬಾರದು.

ನಮ್ಮ ಮನೆ ಪೆರ್ಡೂರಿನಲ್ಲಿ. ಮಗ ಜಾತಿ ಕೇಳದೆ ಕಂಡವರ ಮನೆಯಲ್ಲೆಲ್ಲ ಕಪ್ಪು ಎತ್ತುತ್ತಾನೆ ಎಂಬ ಸುದ್ದಿ ಅಲ್ಲಿಗೆ ತಲುಪಿದಾಗ ಮಡಿ ಮೈಲಿಗೆಯ ನನ್ನ ಅಮ್ಮ “ಉಗುಳ್ತೀಯಲ್ಲ, ಹಾಗಾದ್ರೆ ಅಡ್ಡಿಯಿಲ್ಲ” ಎಂದು ತೀರ್ಪು ಕೊಟ್ಟಳು. ನಾನು ನಕ್ಕುಬಿಟ್ಟೆ. ಆ ಮಾತು ಮುಂದೆ ನನ್ನನ್ನೇ ಚುಚ್ಚುತ್ತದೆಂದು ಆಗ ಗೊತ್ತಿರಲಿಲ್ಲ.

ಕಂಪನಿಯ ಮುಖ್ಯ ಕಚೇರಿ ಮಂಗಳೂರಿನಲ್ಲಿತ್ತು. ಉಡುಪಿಯಲ್ಲಿ ಇದ್ದದ್ದು ಒಂದು ಗೋದಾಮು, ಒಂದು ತಕ್ಕಡಿ ಮತ್ತು ನಾನು. ನಮ್ಮ ಕಡೆಯವರು ಹೋಟೆಲಿಗೆ ಹೋದರೆ ಕಾಫಿ, ಮನೆಯಲ್ಲಿ ಕಷಾಯ. ಟೀ ಎಂದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಕಷಾಯದ ಸಾಮಾನನ್ನೇ ಟೀಗೆ ಬೆರೆಸಿ ಪೊಟ್ಟಣ ಮಾಡಿದರೆ ಹೇಗೆ ಎಂದು ನಮ್ಮ ಮ್ಯಾನೇಜರರಿಗೆ ಹೊಳೆಯಿತು. ಊರಿನಲ್ಲಿ ಸಿಗುವ ಒಳ್ಳೆಯ ಕಷಾಯ ಪುಡಿಗಳನ್ನು ತಂದು, ಟೀಗೆ ಬೆರೆಸಿ, ಹೋಲಿಸಿ, ಒಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಿದ ಪುಡಿ ಮಾಡುವವರಿಗೆ ವರ್ಷವಿಡೀ ಪೂರೈಕೆಯ ಆರ್ಡರು.

ಆಗಸ್ಟಿನಲ್ಲಿ ನಾಲ್ಕು ಸ್ಯಾಂಪಲ್‌ಗಳಾದವು. ನಂಬರ್ ಒಂದು ಉಡುಪಿ ಪೇಟೆಯ ಒಂದು ಅಂಗಡಿಯದು, ಏಲಕ್ಕಿ ಮತ್ತು ಶುಂಠಿ. ಎರಡನೆಯದು ಕಾಪುವಿನ ಕಾಳುಮೆಣಸಿನ ವ್ಯಾಪಾರಿ ಹಸನಬ್ಬರದು. ಮೆಣಸು, ಲವಂಗ, ಚಕ್ಕೆ ಸೇರಿ ಗಂಟಲಲ್ಲಿ ಬೆಂಕಿ ಹೊತ್ತುತ್ತಿತ್ತು. ಮೂರನೆಯದು ಮಣಿಪಾಲದ ಗುಡ್ಡದ ಮೇಲಿದ್ದ ಒಬ್ಬ ನಿವೃತ್ತ ಮೇಷ್ಟರ ಹಿತ್ತಲಿನ ತುಳಸಿ ಮತ್ತು ಮಜ್ಜಿಗೆ ಹುಲ್ಲು. ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಮೇಷ್ಟರೇ ಹೇಳಿದ್ದರು, ರುಚಿಯ ಬಗ್ಗೆ ಅವರೂ ಏನೂ ಹೇಳಿರಲಿಲ್ಲ. ನಾಲ್ಕನೆಯದು ಕಾರ್ಕಳದ ಲೂಸಿಬಾಯಿಯವರ ಪುಡಿ: ಹುರಿದ ಕೊತ್ತಂಬರಿ, ಜೀರಿಗೆ, ಸೋಂಪು, ಮೆಣಸು, ಜೊತೆಗೆ ಒಂದು ಚಿಟಿಕೆ ಮೆಂತೆ.

ಲೂಸಿಬಾಯಿಗೆ ಆಗ ಐವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಮನೆಯ ಪಕ್ಕದ ಹಂಚಿನ ಶೆಡ್ಡಿನಲ್ಲಿ ಐದು ಮಂದಿ ಹೆಂಗಸರನ್ನು ಇಟ್ಟುಕೊಂಡು ಒನಕೆಯಲ್ಲಿ ಪುಡಿ ಕುಟ್ಟಿಸುತ್ತಿದ್ದರು. ಕಷಾಯ ಪುಡಿ ಮಳೆಗಾಲದ ಸರಕು. ಮಳೆ ಬಿಟ್ಟ ಕೂಡಲೇ ಶೆಡ್ಡಿಗೆ ಬೀಗ, ಆ ಐವರಿಗೆ ಮುಂದಿನ ಮಳೆಯವರೆಗೆ ಕೆಲಸವಿಲ್ಲ. “ಈ ಸಲ ಬಾಗಿಲು ಹಾಕುದಿಲ್ಲ ಅಂತ ಅವರಿಗೆ ಹೇಳಿ ಆಗಿದೆ ರಾಯರೇ, ಇನ್ನು ನಿಮ್ಮ ನಾಲಿಗೆಯ ಮೇಲೆ ಉಂಟು” ಎಂದು ಮೊದಲ ದಿನವೇ ನನ್ನ ಮೇಲೆ ಭಾರ ಹೊರಿಸಿದರು.

ಅದೇ ದಿನ ನಾನು ಅವರ ಮನಸ್ಸು ಕೆಡಿಸಿದೆ. ನಮ್ಮ ಜಿಲ್ಲೆಯಲ್ಲಿ ಮನೆಗೆ ಯಾರು ಬಂದರೂ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಆಮೇಲೆಯೇ ಬಂದ ಕಾರ್ಯದ ಮಾತು. ಲೂಸಿಬಾಯಿ ಬೆಲ್ಲದ ತಟ್ಟೆ ಮುಂದಿಟ್ಟರು. ಕೆಲಸದ ಹೊತ್ತಿನಲ್ಲಿ ಸಿಹಿ ಕೂಡದಲ್ಲ, ಬೇಡವೆಂದರೆ ಅವಮಾನ. ಆದ್ದರಿಂದ ಒಂದು ಚೂರನ್ನು ತೆಗೆದು ಮೆಲ್ಲನೆ ಶರಟಿನ ಕಿಸೆಗೆ ಸೇರಿಸಿದೆ. ಬಳಿಕ ಅವರ ಕಷಾಯವನ್ನು ಸುರ್ರೆಂದು ಹೀರಿ, ಚೀಲದಿಂದ ಪೀಕದಾನಿ ತೆಗೆದು ಉಗುಳಿದೆ. ಒಳಗೆ ಒನಕೆಯ ಸದ್ದು ನಿಂತಿತು.

“ಬೆಲ್ಲ ಕಿಸೆಗೆ, ಕಷಾಯ ಪೀಕದಾನಿಗೆ. ನಮ್ಮ ಮನೆಯದು ಅಂತ ಹಾಗಾ?” ಎಂದು ಲೂಸಿಬಾಯಿ ಕೇಳಿದರು.

ನಾನು ತಬ್ಬಿಬ್ಬಾಗಿ, ಟೇಸ್ಟರುಗಳೆಲ್ಲ ಹೀಗೆಯೇ, ದೊಡ್ಡ ದೊರೆಗಳ ಟೀಯನ್ನೂ ಉಗುಳುತ್ತೇವೆ ಎಂದೆಲ್ಲ ಹೇಳಿದೆ. ಹೇಳಿದ್ದು ನಿಜವೇ. ಆದರೂ ಅಮ್ಮನ ಮಾತು ನೆನಪಾಗಿ ಮುಖ ಬಿಸಿಯಾಯಿತು.

ಪರೀಕ್ಷೆ ಮೊದಲು ಗೋದಾಮಿನಲ್ಲಿ ನಡೆಯಿತು. ಅಕ್ಕಪಕ್ಕದ ಹದಿನೈದು ಮಂದಿಯನ್ನು ಕರೆದು, ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಸೀಮೆಸುಣ್ಣದಲ್ಲಿ ನಂಬರು ಮಾತ್ರ ಬರೆದ ಲೋಟಗಳಲ್ಲಿ ನಾಲ್ಕನ್ನೂ ಕೊಟ್ಟೆ. ಒಂಬತ್ತು ಮಂದಿ ನಂಬರ್ ಒಂದನ್ನು ಮೆಚ್ಚಿದರು. ನಾಲ್ಕನ್ನು ಮೆಚ್ಚಿದವನು ಒಬ್ಬನೇ, ಅವನಿಗೆ ಶೀತವಾಗಿತ್ತು. ನನ್ನ ನಾಲಿಗೆಯೂ ಅದನ್ನೇ ಹೇಳಿತ್ತು: ನಂಬರ್ ನಾಲ್ಕು, ಕೊನೆಯಲ್ಲಿ ಮೆಂತೆಯ ಕಹಿ ಉಳಿಯುತ್ತದೆ.

ಬಳಿಕ ಮನೆಗಳ ಪರೀಕ್ಷೆ. ಕಾಪುವಿನಲ್ಲಿ ಹಸನಬ್ಬರ ಮನೆಯ ಜಗಲಿಯಲ್ಲಿ ಹನ್ನೆರಡು ಮಂದಿ ಸೇರಿದರು. ನಿಯಮದಂತೆ ಒಬ್ಬೊಬ್ಬರನ್ನೂ ಕೇಳಿದೆ, ಒಂದು ಗಂಟೆಯಿಂದ ಏನಾದರೂ ತಿಂದಿದ್ದೀರಾ? ಇಲ್ಲ, ಇಲ್ಲ ಎಂದರು. ‘ಬಾಯಿ ಶುದ್ಧ’ ಎಂದು ರಿಜಿಸ್ಟರಿನಲ್ಲಿ ಬರೆದು ಸ್ಟವ್ವಿನ ಮೇಲೆ ಬಗ್ಗಿ ಕುಳಿತೆ. ಒಂಬತ್ತು ಮಂದಿ ನಂಬರ್ ನಾಲ್ಕು ಎಂದರು. ಸ್ವತಃ ಹಸನಬ್ಬರೂ ತಮ್ಮ ಎರಡನೆಯದನ್ನು ಬಿಟ್ಟು ನಾಲ್ಕಕ್ಕೇ ಕೈ ತೋರಿಸಿದರು. ಎರಡು ದಿನದ ಮೇಲೆ ಕಾರ್ಕಳದಲ್ಲಿ, ಲೂಸಿಬಾಯಿಯ ನೆರೆಮನೆಯಲ್ಲಿ, ಹನ್ನೆರಡರಲ್ಲಿ ಹತ್ತು ಮಂದಿ ಅದನ್ನೇ ಆರಿಸಿದರು. ಅಲ್ಲಿಯೂ ಬಾಯಿ ಶುದ್ಧ, ಅಲ್ಲಿಯೂ ನನ್ನ ಪಾಲಿನ ಬೆಲ್ಲ ಕಿಸೆಗೆ.

ನನ್ನ ನಾಲಿಗೆ ತಪ್ಪಿರಬಹುದು ಎಂಬ ಯೋಚನೆ ಬರಲೇ ಇಲ್ಲ. ಇಪ್ಪತ್ತೊಂಬತ್ತರ ಪ್ರಾಯ, ಕೊಚ್ಚಿಯ ವಿದ್ಯೆ. ತಪ್ಪು ಇದ್ದರೆ ಜನರದ್ದು. ಲೂಸಿಬಾಯಿಗೆ ಮೆಣಸು ಕಳುಹಿಸುತ್ತಿದ್ದವರು ಇದೇ ಹಸನಬ್ಬ ಎಂದು ನೆನಪಾಯಿತು. ಅಲ್ಲಿಗೆ ಎಲ್ಲ ಅರ್ಥವಾಯಿತೆಂದು ಭಾವಿಸಿ, ಶೆಡ್ಡಿಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ, “ನಿಮ್ಮವರಿಗೆಲ್ಲ ಮೊದಲೇ ಹೇಳಿಕೊಟ್ಟಿದ್ದೀರಾ?”

ಲೂಸಿಬಾಯಿ ಮೊರವನ್ನು ಕೆಳಗಿಟ್ಟರು. “ರಾಯರೇ, ಒನಕೆ ಹಿಡಿಯುವ ಕೈ ಇದು. ಊರಿನವರ ಬಾಯಿ ಹಿಡಿಯಲಿಕ್ಕೆ ಈ ಕೈಗೆ ಬರುದಿಲ್ಲ. ನೀವಿನ್ನು ಹೋಗಿ.”

ಹೋದೆ. ಹೋಗಿ ವರದಿ ಬರೆದೆ: ಮನೆಗಳ ಪರೀಕ್ಷೆ ನಂಬುವಂತಿಲ್ಲ, ನಂಬರ್ ಒಂದನ್ನು ಶಿಫಾರಸು ಮಾಡುತ್ತೇನೆ. ಬುಧವಾರದ ಟಪ್ಪಾಲಿಗೆ ಹಾಕಿದೆ. ಸೋಮವಾರ ಮ್ಯಾನೇಜರರು ಆರ್ಡರಿಗೆ ಸಹಿ ಹಾಕುವವರಿದ್ದರು.

ಗುರುವಾರ ಮಧ್ಯಾಹ್ನ, ಕಾಪುವಿನಿಂದ ತಂದಿದ್ದ ಲೋಟಗಳನ್ನು ಮರಳಿಸಲು ಹಸನಬ್ಬರಲ್ಲಿಗೆ ಹೋದೆ. ದಪ್ಪ ಮೈಯ, ಸದಾ ನಗುಮುಖದ ಮನುಷ್ಯ. ಮಾತನಾಡುತ್ತ ಮಾತನಾಡುತ್ತ ಅವರ ಕಣ್ಣು ನನ್ನ ಎದೆಯ ಮೇಲೆ ನಿಂತಿತು.

“ರಾಯರೇ, ನಿಮ್ಮ ಕಿಸೆಗೆ ಇರುವೆ ಸಾಲು ಕಟ್ಟಿ ಹೋಗ್ತಾ ಉಂಟಲ್ಲ, ಒಳಗೆ ಎಂತ?”

ನೋಡಿದರೆ ಹೌದು. ಕಾರ್ಕಳದ ಬೆಲ್ಲ ಕರಗಿ ಕಿಸೆಯ ಬಟ್ಟೆಗೆ ಅಂಟಿತ್ತು. ನಾನು ಕುಣಿದಾಡುತ್ತ ಶರಟು ಕೊಡವಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಿಜ ಹೇಳಬೇಕಾಯಿತು.

“ಅಂದ್ರೆ ಬೆಲ್ಲ ಕಚ್ಚದೆ ನೀವು ಕಷಾಯದ ರುಚಿ ನೋಡಿದ್ದಾ?”

“ಎಲ್ಲರೂ ಹಾಗೆಯೇ ನೋಡಿದ್ದಲ್ವಾ ಸಾಹೇಬ್ರೇ? ಏನೂ ತಿಂದಿಲ್ಲ ಅಂತ ನೀವೇ ಹೇಳಿದ್ರಿ.”

“ತಿಂದಿಲ್ಲ, ಹೌದು,” ಎಂದರು ಹಸನಬ್ಬ. “ಬೆಲ್ಲ ನೀರು ತಿಂದ ಲೆಕ್ಕವಾ ಮಾರಾಯ್ರೇ?”

ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಜಗಲಿಯಲ್ಲಿ ಸೇರಿದ್ದ ಅಷ್ಟೂ ಜನ ಹಸನಬ್ಬರ ಅತಿಥಿಗಳು. ಬೆಲ್ಲದ ತಟ್ಟೆ ಕೈಯಿಂದ ಕೈಗೆ ಹೋದದ್ದನ್ನು ನಾನು ಕಂಡಿದ್ದೆ, ಒಂದೊಂದು ಲೋಟಕ್ಕೂ ಒಂದೊಂದು ಚೂರು ಕಚ್ಚಿದ್ದನ್ನೂ ಕಂಡಿದ್ದೆ. ಹುಟ್ಟಿದಂದಿನಿಂದ ಕಂಡದ್ದಾದ್ದರಿಂದ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ನನ್ನೊಬ್ಬನ ನಾಲಿಗೆಯನ್ನು ಕಾಪಾಡಿಕೊಂಡು, ಉಳಿದವರನ್ನು ಸುಳ್ಳರೆಂದು ಬರೆದಿದ್ದೆ. ಗೋದಾಮಿನಲ್ಲಂತೂ ಹದಿನೈದು ಮಂದಿಯನ್ನು ಕರೆದು ಬೆಲ್ಲವಿರಲಿ, ಕುಡಿಯಲು ನೀರನ್ನೂ ಕೊಟ್ಟಿರಲಿಲ್ಲ. ಬಾಯಿ ಮುಕ್ಕಳಿಸಲು ಕೊಟ್ಟಿದ್ದೆ!

ಹಸನಬ್ಬ ಒಳಗೆ ಕೂಗಿ ನಂಬರ್ ನಾಲ್ಕನ್ನು ಮಾಡಿಸಿದರು. ನಾನು ಬಿಟ್ಟುಹೋಗಿದ್ದ ಪೊಟ್ಟಣವನ್ನು ಅವರ ಮನೆಯವರು ಆಗಲೇ ಮುಕ್ಕಾಲು ಖಾಲಿ ಮಾಡಿದ್ದರು. ತಾಳೆಯ ಓಲೆಬೆಲ್ಲದ ಒಂದು ತುಂಡು ಕೈಗಿಟ್ಟು, “ಕಚ್ಚಿ. ಮತ್ತೆ ಕುಡೀರಿ” ಎಂದರು. ಕಚ್ಚಿದೆ, ಕುಡಿದೆ. ಆ ಕಹಿ ಎಲ್ಲಿಗೆ ಹೋಯಿತೋ! ಹುರಿದ ಕೊತ್ತಂಬರಿಯ ಪರಿಮಳ ಮೇಲೆದ್ದು, ಹಿಂದಿನಿಂದ ಟೀಯ ಒಗರು ಬಂದು, ಕೊನೆಯಲ್ಲಿ ಮೆಂತೆ ಹಿತವಾಗಿ ಉಳಿಯಿತು. ಬಾಯಿ ಮುಕ್ಕಳಿಸಿ ಬೆಲ್ಲವಿಲ್ಲದೆ ನೋಡಿದೆ, ಕಹಿ. ಮತ್ತೆ ಬೆಲ್ಲ, ಮತ್ತೆ ಹಿತ. ಅಲ್ಲೇ ಉಳಿದಿದ್ದ ನನ್ನ ಮೆಚ್ಚಿನ ನಂಬರ್ ಒಂದನ್ನೂ ಮಾಡಿಸಿ ನೋಡಿದೆ, ಆ ಬೆಲ್ಲದ ಬಾಯಿಗೆ ಅದು ಬರೀ ಬಿಸಿನೀರಿನ ಹಾಗೆ ಸಪ್ಪೆಯಾಗಿತ್ತು. ಅಷ್ಟು ಸಂತೋಷವೂ ಅಷ್ಟು ನಾಚಿಕೆಯೂ ಒಟ್ಟಿಗೆ ಆದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಶುಕ್ರವಾರ ಅದೇ ಹದಿನೈದು ಮಂದಿಯನ್ನು ಗೋದಾಮಿಗೆ ಮತ್ತೆ ಕರೆದೆ. ಈ ಸಲ ಬಾಗಿಲಲ್ಲೇ ಬೆಲ್ಲ, ನೀರು. “ಇವತ್ತು ಮನುಷ್ಯರ ಹಾಗೆ ಕರೆದ್ರಿ” ಎಂದು ಎದುರಂಗಡಿಯ ದರ್ಜಿ ಹೇಳಿದ. ಹನ್ನೊಂದು ಮಂದಿ ನಂಬರ್ ನಾಲ್ಕಕ್ಕೆ ಬಂದರು.

ಶನಿವಾರ ಬೆಳಗ್ಗಿನ ಬಸ್ಸಿಗೆ ಮಂಗಳೂರು. ಮ್ಯಾನೇಜರರು ನನ್ನ ಗುರುಗಳೂ ಹೌದು. ನಾಲಿಗೆಯ ಶುದ್ಧಿಗಾಗಿ ಮಗನ ಮದುವೆಯಲ್ಲೂ ಹೋಳಿಗೆ ಮುಟ್ಟದ ಮನುಷ್ಯ. ನಾನು ವರದಿ ತಪ್ಪು ಎಂದೆ, ತಪ್ಪು ನನ್ನದು ಎಂದೆ, ಬೆಲ್ಲದ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

“ಟೇಸ್ಟಿಂಗ್ ರೂಮಿನೊಳಗೆ ಬೆಲ್ಲವೇ?” ಎಂದು ಅವರು ಕನ್ನಡಕ ತೆಗೆದರು.

“ನಾವು ಆರಿಸುವುದು ನಮ್ಮ ರೂಮಿಗಲ್ಲ ಸರ್, ಅವರ ಜಗಲಿಗೆ” ಎಂದೆ. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಕೆಲಸ ಹೋದರೂ ಆ ಐದು ಒನಕೆಗಳು ನಿಲ್ಲಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಅವರು ನಂಬರ್ ನಾಲ್ಕರ ಒಂದು ಕಪ್ಪು ಮಾಡಿಸಿದರು. ಒಂದು ಚೂರು ಬಾಯಿಗೆ ಹಾಕಿಕೊಂಡರು. ಸುರ್ರೆಂದು ಹೀರಿದರು. ನಾನು ಪೀಕದಾನಿಯನ್ನು ಮುಂದಕ್ಕೆ ಸರಿಸಿದೆ. ಅವರ ಗಂಟಲ ಗಂಟು ಮೇಲೆ ಕೆಳಗೆ ಆಡಿತು, ನುಂಗಿದ್ದರು! ಏನೂ ಆಗದವರಂತೆ ಕನ್ನಡಕ ಹಾಕಿಕೊಂಡು, “ಪೊಟ್ಟಣದ ಮೇಲೆ ಬೆಲ್ಲದೊಂದಿಗೆ ಸೇವಿಸಿ ಎಂದು ಅಚ್ಚು ಹಾಕಿಸಬೇಕಾಗುತ್ತದೆ” ಎಂದರು. ಸೋಮವಾರದ ಸಹಿ ನಂಬರ್ ನಾಲ್ಕಕ್ಕೆ ಬಿತ್ತು.

ಮಂಗಳವಾರ ಆರ್ಡರು ಹಿಡಿದುಕೊಂಡು ಕಾರ್ಕಳಕ್ಕೆ ಹೋದೆ. ಲೂಸಿಬಾಯಿ ಕಾಗದ ಓದಿ, ಶೆಡ್ಡಿನೊಳಕ್ಕೆ ಕೊಂಕಣಿಯಲ್ಲಿ ಏನೋ ಕೂಗಿದರು. ಒನಕೆಗಳು ನಿಂತು, ನಗು ಕೇಳಿ, ಮೊದಲಿಗಿಂತ ಜೋರಾಗಿ ಮತ್ತೆ ಶುರುವಾದವು. ನಾನು ನಿಂತುಕೊಂಡೇ ಇದ್ದೆ. ಹೇಳಬಾರದ್ದನ್ನು ಹೇಳಿದೆ, ಕ್ಷಮಿಸಿ ಎಂದೆ. ಅವರು ಒಳಗೆ ಹೋಗಿ ಬೆಲ್ಲ, ನೀರು ತಂದರು, ಹಿಂದೆಯೇ ಒಂದು ಲೋಟ ಕಷಾಯ. ಎದುರು ಕುಳಿತು, “ಇವತ್ತು ಕಿಸೆಗಾ, ಬಾಯಿಗಾ?” ಎಂದು ಕೇಳಿದರು.

ಆ ಕೆಲಸದಲ್ಲಿ ಮತ್ತೆ ಇಪ್ಪತ್ತೆಂಟು ವರ್ಷ ಕಳೆದೆ. ನನ್ನ ರಿಜಿಸ್ಟರಿನಲ್ಲಿ ಕಂಪನಿಯ ಬೇರೆ ಯಾವ ಶಾಖೆಯಲ್ಲೂ ಇಲ್ಲದ ಒಂದು ಕಾಲಂ ಇತ್ತು: ‘ಕುಡಿಯುವ ಮೊದಲು ಬಾಯಲ್ಲಿ ಏನಿತ್ತು?’ ರುಚಿ ಕಪ್ಪಿನಲ್ಲಿ ಅರ್ಧ, ಕುಡಿಯುವವರ ಮನೆಯ ರೂಢಿಯಲ್ಲಿ ಅರ್ಧ; ಆ ಎರಡನೆಯ ಅರ್ಧವನ್ನು ಕೇಳಿ ತಿಳಿಯದೆ ಯಾರನ್ನೂ ಸುಳ್ಳರೆನ್ನಬಾರದು ಎಂದು ನನಗೆ ಈ ಉದ್ಯೋಗ ಕಲಿಸಿತು. ಹೊಸಬರು ಈ ಕಾಲಂ ಏಕೆಂದು ಕೇಳಿದರೆ ಹಳೆಯ ರಿಜಿಸ್ಟರಿನ ಮೊದಲ ನಮೂದನ್ನು ತೋರಿಸುತ್ತಿದ್ದೆ. ಆ ಮಂಗಳವಾರ ಬಸ್ಸಿನಲ್ಲಿ ಕುಳಿತು ಬರೆದದ್ದರಿಂದ ಅಕ್ಷರ ಸ್ವಲ್ಪ ಅಲುಗಾಡಿದೆ: ‘ಕಾರ್ಕಳ. ನಂಬರ್ ನಾಲ್ಕು. ಬಾಯಲ್ಲಿ, ಲೂಸಿಬಾಯಿ ಕೊಟ್ಟ ಬೆಲ್ಲ. ಉಗುಳಲಿಲ್ಲ. ಅಮ್ಮನಿಗೂ ಹೇಳಬೇಕು.’