ಬರಿಗೈಯ ಹೆಂಗಸು

ನಮ್ಮ ಕಡೆಗೆ ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಮೆಟ್ರಿಕ್ ಮುಗಿದದ್ದೇ ನನ್ನನ್ನು ಮನೆಯಲ್ಲಿ ಕೂಡಿಸಿದರು. ಸಿರ್ಸಿ ಪೇಟೆಯಲ್ಲಿ ಕೆಳಗೆ ನಮ್ಮ ಬಟ್ಟೆ ಅಂಗಡಿ, ಮೇಲೆ ಮನೆ. ವರ ಸಿಗುವ ತನಕ ಹಿತ್ತಲ ಬಾವಿ ಬಿಟ್ಟರೆ ಬೇರೆಲ್ಲಿಗೂ ಹೋಗುವಂತಿಲ್ಲ. ಇದ್ದೊಂದು ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

ಕುಮಟೆ ಕಡೆಯ ಡ್ರಾಯಿಂಗ್ ಮಾಸ್ತರರು ಅಪ್ಪನ ಗಿರಾಕಿ. ಪರದೇಶದ ಹಳೆಯ ಚಿತ್ರವೊಂದರ ಅಚ್ಚುಪ್ರತಿ ಕಳಿಸಿಕೊಟ್ಟಿದ್ದರು: ಬಯಲು, ಆಚೆ ನೀಲಿ ಗುಡ್ಡ, ನಡುವೆ ಬೆನ್ನು ತಿರುಗಿಸಿ ನಿಂತ ಹೆಂಗಸು. ಇದ್ದ ಹಾಗೇ ಬರೆದು ತೋರಿಸಿದರೆ, ಚಿತ್ರಕಲೆ ಕಲಿಯಲು ಧಾರವಾಡಕ್ಕೆ ಕಳಿಸುವಂತೆ ಅಪ್ಪನಿಗೆ ಹೇಳುತ್ತೇನೆ ಎಂದಿದ್ದರು. ನಾನು ಹೊರಬೀಳಲು ಇದ್ದದ್ದು ಅದೊಂದೇ ದಾರಿ.

ಚೌಕ ಹಾಕಿಕೊಂಡು ಗೆರೆ ಎಳೆದೆ. ಮೊದಲು ಆಕಾಶ, ಆಮೇಲೆ ಗುಡ್ಡ, ಹುಲ್ಲು, ಹೆಂಗಸು ಕಡೆಗೆ. ಹುಲ್ಲಿನ ಹಸಿರಿಗೆ ಹೆಣಗಿ ಸಾಕಾಯಿತು. ಹೇಗೆ ಕಲೆಸಿದರೂ ಬಾಗಿಲಿಗೆ ಬಳಿಯುವ ಬಣ್ಣದಂತೆಯೇ ಕಾಣುತ್ತಿತ್ತು. ಕೈ ಇಳಿಬಿಟ್ಟುಕೊಂಡು, ಏನೂ ಮಾಡದೆ ನಿಂತ ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವ್ವ ಬಂದು ನೋಡಿದಳು. "ಈಕಿ ಯಾಕ ಹಿಂಗ ಬರಿಗೈಲೆ ನಿಂತಾಳ? ಮನ್ಯಾಗ ಕೆಲಸಿಲ್ಲೇನು?"

"ಚಿತ್ರದಾಗ ಹಂಗೇ ಐತವ್ವಾ."

"ನಾಳೆ ಯಲ್ಲಾಪುರದವರು ನಿನ್ನ ನೋಡಾಕ ಬರತಾರ. ಇದನ್ನೂ ತೋರಸಬೇಕು. ಸೊಂಟದ ಮ್ಯಾಲೆ ಒಂದ್ ಕೊಡಾ ಇಡು."

ಮಾಸ್ತರರಿಗೆ ಏನು ಹೇಳಲಿ ಎಂದು ಅತ್ತು ಜಗಳವಾಡಿದೆ. ಅವ್ವ ಜಗ್ಗಲಿಲ್ಲ. ಸಿಟ್ಟಿನಲ್ಲಿ ಒಂದೇ ಏಟಿಗೆ ತಾಮ್ರದ ಕೊಡ ಬರೆದು ಕುಂಚ ಎಸೆದೆ. ಮರುದಿನ ಬಂದವರು ಕೊಡವನ್ನು ಮೆಚ್ಚಿ, ಜತೆಗೆ ನನ್ನನ್ನೂ ಒಪ್ಪಿದರು.

ಆ ವಾರವೇ ಮಾಸ್ತರರು ಬಂದರು. ಅಚ್ಚುಪ್ರತಿಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಇದ್ದ ಹಾಗೆ ಬರೆದಿಲ್ಲ," ಎಂದರು. "ಆದರೆ ಇಡೀ ಚಿತ್ರದಲ್ಲಿ ಜೀವ ಇರುವುದು ಆ ಕೊಡಕ್ಕೇ. ದಿನಾ ಹೊತ್ತದ್ದು, ಅದಕ್ಕೇ ಬಂತು. ಬಯಲಿನ ಹುಲ್ಲು ಹೇಗೆ ಬರಬೇಕು, ಇವಳು ಕೂತು ನೋಡಿದ್ದರೆ ತಾನೆ? ಧಾರವಾಡದ ಮಾತು ಆಮೇಲಾಯಿತು. ಮೊದಲು ನಾಲ್ಕು ದಿನ ಬಯಲಲ್ಲಿ ಕೂತು ಬರೆಯಲು ಬಿಡಿ."

ಅವ್ವನಿಗೆ ಕೊಡದ ಮಾತಷ್ಟೇ ಕೇಳಿಸಿತು; ಮುಖ ಅರಳಿತು.

ಅಪ್ಪ ನಕ್ಕ. "ಯಲ್ಲಾಪುರದವರಿಗೆ ಮಾತು ಕೊಟ್ಟೇವ್ರಿ ಮಾಸ್ತರ. ಹೊಲಾ, ಬಯಲಾ, ಎಲ್ಲಾ ಇನ್ನ ಆಕಿ ಗಂಡ ತೋರಸ್ತಾನ."

ಮಾಸ್ತರರು ಚಹಾ ಮುಗಿಸಿ, ಅಚ್ಚುಪ್ರತಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದರು. ಅದನ್ನಾದರೂ ಬಿಟ್ಟು ಹೋಗಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.