ಹುಂಜವೋ ಹೇಟೆಯೋ

ಕೋಳಿಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಹುಂಜವೋ ಹೇಟೆಯೋ ಎಂದು ಹೇಳುವುದರಲ್ಲಿ ಆ ಬೀದಿಗೆಲ್ಲ ದರ್ಜಿ ದೊಡ್ಡಕ್ಕನದೇ ಕೊನೆಯ ಮಾತಾಗಿತ್ತು. ಅರ್ಧಕ್ಕರ್ಧ ತಪ್ಪಾದರೂ ಜನ ಅವಳನ್ನೇ ಕೇಳುತ್ತಿದ್ದರು. ಮೈದುನನ ಹೆಂಡತಿ ಮನೆಗೆ ಬಂದ ಮೇಲೆ ಎಲ್ಲರೂ ಹಿತ್ತಲಿಗೆ, ಆ ಚಿಕ್ಕವಳ ಬಳಿಗೇ ಹೋಗತೊಡಗಿದರು.

"ಈಗ್ಲೇ ಗೊತ್ತಾಗಲ್ಲ. ಆರು ವಾರ ಕಳೀಲಿ, ಜುಟ್ಟು ದಪ್ಪಗೆ ಕೆಂಪಗಾದ್ರೆ ಹುಂಜ" ಎಂದು ಚಿಕ್ಕವಳು ಹೇಳಿದರೆ, ಪಕ್ಕದ ಮನೆಯ ನರ್ಸು, "ಎಷ್ಟು ತಿಳಿದೋಳಪ್ಪ!" ಎನ್ನುತ್ತಿದ್ದಳು. ಗೊತ್ತಿಲ್ಲ ಎಂದದ್ದಕ್ಕೂ ಹೊಗಳಿಕೆಯೇ! ದೊಡ್ಡಕ್ಕನಿಗೆ ಹೊಟ್ಟೆ ಉರಿದುಹೋಯಿತು.

ಒಂದು ದಿನ ಮರಿ ಹಿಡಿದು ಹಿತ್ತಲಿಗೆ ಹೊರಟಿದ್ದ ನರ್ಸನ್ನು ಅವಳೇ ಕರೆದಳು. ಮರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಭೀರವಾಗಿ, "ಈಗ್ಲೇ ಗೊತ್ತಾಗಲ್ಲಮ್ಮ" ಎಂದಳು.

"ಅಯ್ಯೋ, ನಿಮಗೂ ಗೊತ್ತಾಗಲ್ವಾ ದೊಡ್ಡಕ್ಕ? ಚಿಕ್ಕೋಳನ್ನೇ ಕೇಳ್ತೀನಿ ಬಿಡಿ" ಎಂದು ನರ್ಸು ಹೊರಟೇಬಿಟ್ಟಳು.

"ಹುಂಜ! ಹುಂಜಾನೇ ಕಣೇ!" ಎಂದು ದೊಡ್ಡಕ್ಕ ಹಿಂದಿನಿಂದ ಕೂಗಿದಳು.