ರಾಟೆಯ ಸದ್ದು ತರಲು ಗುಂಡ್ಲುಪೇಟೆಗೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೊರಟ ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ನಾನು ನನ್ನ ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೆ. ಸದ್ದನ್ನು ಟೇಪಿನ ಮೇಲೆ ಹಿಡಿಯುವ ಯಂತ್ರ ಅದು. ಗ್ರಾಮಫೋನಿನಂತೆ ಕೀಲಿ ತಿರುಗಿಸಬೇಕು. ತೂಕ ಅರ್ಧ ಮೂಟೆ ರಾಗಿಯದು, ನಾಜೂಕು ಬೀಗರದು. ನಂಜನಗೂಡಿನಲ್ಲಿ ಹತ್ತಿದ ಮುದುಕರೊಬ್ಬರು ಅದನ್ನು ಹಾರ್ಮೋನಿಯಂ ಎಂದುಕೊಂಡು, ಬದನಗುಪ್ಪೆ ದಾಟುವವರೆಗೂ ಒಂದು ದೇವರನಾಮಕ್ಕಾಗಿ ಪೀಡಿಸಿದರು.

ನಾನು ಬಾನುಲಿ ಕೇಂದ್ರವೊಂದರಲ್ಲಿ ನಾಟಕಗಳಿಗೆ ಸದ್ದು ಒದಗಿಸುವವನು. ಪಾತ್ರಗಳು ಬೀದಿಯಲ್ಲಿ ನಿಂತು ಮಾತಾಡುವಾಗ ಹಿಂದೆ ಬೀದಿ ಇರಬೇಕಲ್ಲ? ಸ್ಟುಡಿಯೋದ ನಿಶ್ಶಬ್ದದಲ್ಲಿ ಅವರು ಕಣಜದೊಳಗೆ ಇಳಿದು ಮಾತಾಡುತ್ತಿರುವಂತೆ ಕೇಳುತ್ತಿತ್ತು. ಮೈಸೂರಿನ ಬೀದಿಗಳಲ್ಲೋ ಟಾಂಗಾಗಳ ಗದ್ದಲ. ಹಾಗಾಗಿ ಸಣ್ಣ ಊರುಗಳ ನೆಮ್ಮದಿಯ ಹೊತ್ತುಗಳನ್ನು ಹಿಡಿದು ತರಲು ನನ್ನನ್ನು ಕಳಿಸಿದ್ದರು.

ಸರ್ಕಾರಿ ಕೆಲಸದ ಬೆನ್ನಿಗೆ ಮನೆಯ ಕೆಲಸವೂ ಒಂದಿತ್ತು. ನನ್ನ ಅತ್ತೆ ಮಹದೇವಮ್ಮನವರು ಗುಂಡ್ಲುಪೇಟೆಯವರು. ಕಣ್ಣಿನ ಪೊರೆ ತೆಗೆಸಿಕೊಂಡು, ಎರಡೂ ಕಣ್ಣಿಗೆ ಕಟ್ಟು ಹಾಕಿಸಿಕೊಂಡು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ತಲೆ ಅಲುಗಿಸಿದರೆ ಹೊಲಿಗೆ ಬಿಚ್ಚಿ ಕಣ್ಣೇ ಹೋಗಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಹುಟ್ಟಿದಾಗಿನಿಂದ ಸುಮ್ಮನೆ ಮಲಗಿ ಗೊತ್ತಿಲ್ಲದ ಹೆಂಗಸು. ಹಿಂದಿನ ದಿನ ಎದ್ದು ಕೂರಲು ಹೋದಾಗ ನಾನೂ ನನ್ನ ಹೆಂಡತಿಯೂ ಅಕ್ಷರಶಃ ಅಮುಕಿ ಹಿಡಿಯಬೇಕಾಯಿತು. "ಕತ್ತಲೇಲಿ ನಾನೆಲ್ಲಿವ್ನಿ ಅಂತ್ಲೇ ಗೊತ್ತಾಗಕಿಲ್ಲ ಅಳಿಯಂದ್ರೇ. ನಮ್ ಬೀದಿ ಬಾವಿ ರಾಟೆ ಕಿರ್ ಅನ್ನೋದ್ನ ಒಂದಪ ಕೇಳಿದ್ರೂ ಸಾಕು, ಮಲಗಿರ್ತೀನಿ" ಎಂದು ಅತ್ತರು. ಅಳುವುದೂ ಕಣ್ಣಿಗೆ ಕೆಡುಕೇ. ತಂದೇ ತರುತ್ತೇನೆಂದು ಮಾತು ಕೊಟ್ಟು ಬಂದಿದ್ದೆ.

ಚಾಮರಾಜನಗರದಲ್ಲಿ ಮಂಜು ಆಗಷ್ಟೇ ಸರಿಯುತ್ತಿತ್ತು. ಇಡ್ಲಿ, ಕಾಫಿ ಮುಗಿಸಿ, ರೇಷ್ಮೆ ಹುಳು ಸಾಕುವ ರಹೀಂ ಸಾಬರ ಮನೆಗೆ ಹೋದೆ. ನನ್ನ ಮೈಯಿಂದ ನಸ್ಯದ ವಾಸನೆ ಬರುತ್ತಿದೆಯೆಂದು ಅವರ ಹೆಂಡತಿ ಪರದೆಯ ಹಿಂದಿನಿಂದ ಉರ್ದುವಿನಲ್ಲಿ ಅಂದರು. ಸಾಬರು ಸಂಕೋಚದಿಂದ ನಕ್ಕರು: "ನಸ್ಯ, ಬೀಡಿ ನಮ್ ಹುಳಕ್ಕೆ ಆಗ್ಬರಲ್ಲ ಸ್ವಾಮಿ. ಡಬ್ಬಿ ಜಗಲಿ ಮೇಲೆ ಇಟ್ಬುಟ್ಟು, ಕೈ ಮುಖ ತೊಳ್ಕೊಂಡು ಬನ್ನಿ." ತೊಳೆದುಕೊಂಡು ಒಳಗೆ ಹೋದೆ.

ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಕಳಚಿ ಏಳುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಆಮೇಲೆ ಅವುಗಳದು ಭಾರಿ ಹಸಿವು. ತಟ್ಟೆ ತಟ್ಟೆಯಲ್ಲೂ ಹಿಪ್ಪುನೇರಳೆ ಎಲೆ ಕಡಿಯುವ ಸದ್ದು, ತರಗೆಲೆಯ ಮೇಲೆ ತುಂತುರು ಬಿದ್ದಂತೆ. ಹೊರಗೆ ಯಾರೋ ಕಸ ಗುಡಿಸುತ್ತಿದ್ದರು, ಇನ್ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಎಲೆ ಹಾಕುವ ಗಡಿಬಿಡಿಯಲ್ಲಿ ನನ್ನತ್ತ ತಿರುಗಿ ನೋಡಲೂ ಯಾರಿಗೂ ಪುರಸೊತ್ತಿರಲಿಲ್ಲ. ನನಗೆ ಬೇಕಾದದ್ದೂ ಅದೇ. ಟೇಪು ಬಂಗಾರದಂತೆ ಬಂತು.

ಆ ಖುಷಿಯಲ್ಲೇ ಎಡವಟ್ಟು ಮಾಡಿದೆ. ಸಂಜೆ ಗುಂಡ್ಲುಪೇಟೆಗೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಅತ್ತೆಯ ಬೀದಿಯವನೇ. ಮಹದೇವಮ್ಮನವರಿಗಾಗಿ ಬೀದಿಯ ಸದ್ದು ಹಿಡಿಯಲು ನಾಳೆ ಬರುತ್ತೇನೆಂದು ಅವನ ಕೈಲಿ ಹೇಳಿಕಳಿಸಿದೆ.

ಮರುದಿನ ನಾನು ಹತ್ತಿದ ಬಸ್ಸಿನ ಕಂಡಕ್ಟರ್ ಬೇರೆಯವನು. ಯಂತ್ರಕ್ಕೂ ಅರ್ಧ ಟಿಕೆಟ್ ಹರಿದ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡು ತಿಂದೆ. ಗುಂಡ್ಲುಪೇಟೆಯಲ್ಲಿ ಇಳಿದರೆ ಬಂಡೀಪುರದ ಕಡೆಯಿಂದ ತಣ್ಣನೆ ಗಾಳಿ. ಅತ್ತೆಯ ಬೀದಿಗೆ ತಿರುಗಿದವನು ಅಲ್ಲೇ ನಿಂತುಬಿಟ್ಟೆ.

ಬೀದಿ ಗುಡಿಸಿ, ನೀರು ಚಿಮುಕಿಸಿ, ಮನೆಮನೆಗೂ ರಂಗೋಲಿ ಬಿಟ್ಟಿದ್ದರು. ಕರುಗಳನ್ನು ಹಿತ್ತಿಲಿಗೆ ಕಟ್ಟಿದ್ದರು. ಎದುರುಮನೆಯ ಬುಡನ್ ಸಾಬರು ಪಾತ್ರೆಗೆ ಕಲಾಯಿ ಹಾಕುವವರು. ಒಲೆಗೆ ಗಾಳಿ ಊದುವ ಅವರ ತಿದಿಯೂ ಸುಮ್ಮನಿತ್ತು. ಬಾವಿಯ ಬಳಿ ಬೀದಿಗೆ ಬೀದಿಯೇ ಫೋಟೋಗೆ ನಿಂತಂತೆ ಸಾಲಾಗಿ ನಿಂತಿತ್ತು.

ಪಕ್ಕದ ಮನೆಯ ಚಿಕ್ಕತಾಯಮ್ಮ ಹೆಮ್ಮೆಯಿಂದ ಹಗ್ಗ ಎಳೆದು ತೋರಿಸಿದರು. ಕೊಡ ಮೇಲೆ ಬಂತು. ರಾಟೆ ತುಟಿಪಿಟಿಕ್ಕೆನ್ನಲಿಲ್ಲ.

"ಕಿರ್ ಅನ್ತಿತ್ತಲ್ಲಮ್ಮ?" ಎಂದೆ.

"ಹರಳೆಣ್ಣೆ ಬುಟ್ಟಿವ್ನಿ ಕಣಪ್ಪ! ರೇಡಿಯೋದೋರು ಬಂದಾಗ ಕಿರ್ರೋ ಅಂತಿದ್ರೆ ನಮ್ ಬೀದಿ ಮಾನ ಉಳಿದದಾ?"

ನನ್ನ ಮುಖ ನೋಡಿ ಬುಡನ್ ಸಾಬರಿಗೆ ಗೊತ್ತಾಯಿತು. "ಅಕ್ಕ ಕೇಳಿದ್ದು ಅದೇ ಸದ್ದಾ?" ಎಂದರು. ಹೌದೆಂದೆ. ಚಿಕ್ಕತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಇಬ್ಬರು ಬೂದಿ ತಂದು ತಿಕ್ಕಿದರು, ನೀರು ಹೊಯ್ದರು. ರಾಟೆ ಇನ್ನೂ ನಯವಾಗಿ ತಿರುಗಿತು. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುತ್ತಿತ್ತು, ಟೇಪೂ ಸ್ವಲ್ಪವೇ ಉಳಿದಿತ್ತು. ಆದದ್ದಾಗಲಿ ಎಂದು ಕೀಲಿ ತಿರುಗಿಸಿ ಮೈಕು ಹಿಡಿದೆ. ನೀವು ನಿಮ್ಮ ಪಾಡಿಗಿರಿ ಎಂದು ನಾನೆಷ್ಟು ಹೇಳಿದರೂ ಕೇಳಿದವರಿಲ್ಲ. ಚಿಕ್ಕತಾಯಮ್ಮ ಒಂದು ಕೊಡ ನೀರು ಸೇದಿದರು. ಮಿಕ್ಕವರು ಟೇಪು ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಂತರು. ಊರಿನ ನೆಮ್ಮದಿ ಹಿಡಿಯಲೆಂದೇ ನಾನು ಬಂದಿದ್ದು, ನಿಜ. ಆದರೆ ಇಂಥ ಹಟಮಾರಿ ಮೌನವನ್ನು ನಾನು ಕಂಡಿರಲಿಲ್ಲ.

ಮೈಸೂರಿನ ಬಸ್ಸಿನಲ್ಲಿ ಇಡೀ ದಾರಿ ಮನಸ್ಸು ಭಾರವಾಗಿತ್ತು. ಬುಡನ್ ಸಾಬರು ಕಟ್ಟಿಕೊಟ್ಟ ಸೀಬೆಹಣ್ಣನ್ನೂ ತಿನ್ನಲಾಗಲಿಲ್ಲ. ಅತ್ತೆಗೆ ಏನು ಹೇಳುವುದು?

ಆಸ್ಪತ್ರೆಯಲ್ಲಿ ಅವರು ಮಂಚದ ಸರಳು ಹಿಡಿದು ಮಲಗಿದ್ದರು. ತಲೆ ಅಲುಗದಂತೆ ಹೆಡ್‌ಫೋನಿನ ಒಂದು ಬದಿಯನ್ನು ಅವರ ಕಿವಿಗೆ ಹಿಡಿದು ಟೇಪು ಬಿಟ್ಟೆ.

ಅವರು ಕಿವಿಗೊಟ್ಟು ಕೇಳಿದರು. ಆಮೇಲೆ, "ಕೊಡ ಮೇಲಕ್ ಬಂತು. ರಾಟೆಗೆ ಎಣ್ಣೆ ಬುಟ್ಟವ್ರೆ!" ಎಂದರು. "ಬುಡ್ರೋ ಬುಡ್ರೋ ಅಂತ ನಾನು ಬಡ್ಕಂಡಾಗ ಒಬ್ರೂ ಬುಡ್ನಿಲ್ಲ."

ನಡೆದದ್ದನ್ನು ಹೇಳಲು ಬಾಯಿ ತೆರೆದೆ. ಆದರೆ ಅವರು ಕೈಸನ್ನೆಯಿಂದಲೇ ನನ್ನನ್ನು ಸುಮ್ಮನಿರಿಸಿದರು.

"ಬಳೆ ಸದ್ದು ಚಿಕ್ಕತಾಯಿದು... ಇಗೋ, ಬುಡನ್ ಸಾಬ್ರು ಕೆಮ್ಮು ತಡ್ಕತಾವ್ರೆ. ಅವ್ರ ಗಂಟ್ಲು ನಂಗ್ ಗೊತ್ತಿಲ್ವಾ? ಅಳಿಯಂದ್ರೇ, ಎಲ್ರೂ ನಿಂತವ್ರಾ ಅಲ್ಲಿ?"

"ಎಲ್ಲರೂ ನಿಂತಿದ್ದರು ಅತ್ತೆ. ಇಡೀ ಬೀದಿ."

"ನನಗೋಸ್ಕರಾನಾ?"

ಹೌದೆಂದೆ. ಟೇಪು ಮುಗಿದು ಚಕ್ರ ಬರಿದೇ ತಿರುಗತೊಡಗಿತು. ಮಂಚದ ಸರಳಿನಿಂದ ಅವರ ಕೈ ಸಡಿಲವಾಯಿತು.

"ಇನ್ನೊಂದಪ ಹಾಕಿ" ಎಂದರು. "ಕೆಮ್ಮೋ ಬುಡನ್ ಸಾಬ್ರೇ ಅಷ್ಟೊತ್ತು ಅಲ್ಲಾಡ್ದೆ ನಿಂತವ್ರೆ. ನಾನು ಮಲಗಿರಕ್ಕಾಗಕಿಲ್ವಾ?"